ಸ್ವಿಚ್ ಆಫ್ ಮಾಡಿದರೆ ಕರೆಂಟು ಹೋಯಿತೆಂದು ಯಾರು ಹೇಳಿದ್ದು?

ನಮ್ಮ ಅಂಗಡಿಯ ಕೌಂಟರಿನ ಹಿಂದೆ ನಿಂತು ನಾನು ಅತಿ ಹೆಚ್ಚು ಸಲ ಹೇಳಿದ ಸುಳ್ಳು ಯಾವುದೆಂದು ಯಾರಾದರೂ ಕೇಳಿದರೆ ಉತ್ತರ ತಯಾರಿದೆ. ವಸೂಲಿಗೆ ಬಂದವರಿಗೆ ಹೇಳಿದ "ಉಪ್ಪ ಮನೆಯಲ್ಲಿಲ್ಲ" ಎಂಬ ಸುಳ್ಳಲ್ಲ. "ಸ್ವಿಚ್ ಆಫ್ ಮಾಡಿ ಹಾಕಿ, ಎಂತದೂ ಆಗ್ಲಿಕ್ಕಿಲ್ಲ" ಎಂಬ ಸುಳ್ಳು.

ಉಪ್ಪಳ, ಮಂಜೇಶ್ವರ ಕಡೆಯ ಸಣ್ಣ ಪೇಟೆಯ ಅಂಗಡಿ ಹೇಗಿರುತ್ತದೆಂದು ಇಲ್ಲಿನ ಓದುಗರಿಗೆ ಹೇಳಬೇಕಿಲ್ಲ. ಒಂದು ಬದಿಯಲ್ಲಿ ಅಕ್ಕಿ, ಬೆಲ್ಲ, ಒಣಮೀನು. ಇನ್ನೊಂದು ಬದಿಯಲ್ಲಿ ಬಲ್ಬು, ಹೋಲ್ಡರ್, ಟೇಪು, ಮೀಟರ್ ಲೆಕ್ಕದಲ್ಲಿ ಅಳೆದು ತುಂಡು ಮಾಡಿ ಕೊಡುವ ವಯರು. ಹೋಲ್ಡರ್ ತೆಗೆದುಕೊಂಡವರು ಚಿಲ್ಲರೆಗೆ ಕಾಯುತ್ತಾ "ಇದನ್ನು ನಾನೇ ಹಾಕಬಹುದಲ್ಲ?" ಎಂದು ಕೇಳುತ್ತಾರೆ. ಅದು ಅವರಿಗೆ ದೊಡ್ಡ ಪ್ರಶ್ನೆಯಲ್ಲ, ನಮಗೂ ದೊಡ್ಡ ಉತ್ತರವಲ್ಲ. ಉಪ್ಪ ಹೇಳುತ್ತಿದ್ದುದನ್ನೇ ನಾನೂ ಹೇಳಿದೆ. ಇಪ್ಪತ್ತು ವರ್ಷ ಹೇಳಿದೆ.

ಒಂದು ಆಟಿ ತಿಂಗಳಲ್ಲಿ ನಮ್ಮ ಜಮಾಅತಿನವರೇ ಆದ ಒಬ್ಬ ಇಚ್ಚ ಬಂದು ಬಚ್ಚಲು ಕೋಣೆಗೊಂದು ಸೀಲಿಂಗ್ ಲೈಟ್ ತೆಗೆದುಕೊಂಡರು. ಗಲ್ಫಿನಿಂದ ಬಂದು ಊರಲ್ಲೇ ಉಳಿದವರು, ಅರುವತ್ತರ ಹತ್ತಿರದ ಪ್ರಾಯ. ಅದೇ ಪ್ರಶ್ನೆ, ಅದೇ ಉತ್ತರ. ಅಸರ್ ನಮಾಜಿನ ಹೊತ್ತಿಗೆ ಸುದ್ದಿ ಬಂತು. ಸ್ಟೂಲಿನ ಮೇಲೆ ನಿಂತು ಹಳೆಯ ಹೋಲ್ಡರಿನ ವಯರ್ ಬಿಡಿಸುವಾಗ ಕರೆಂಟು ಹಿಡಿದು, ಅಲ್ಲಿಂದ ಕೆಳಗೆ ಬಿದ್ದು ಸೊಂಟದ ಎಲುಬು ಮುರಿದಿತ್ತು. ಮಂಗಳೂರಿಗೆ ಕೊಂಡುಹೋದರು. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಈಗ ಊರುಗೋಲು ಹಿಡಿದು ಮಸೀದಿಗೆ ಬರುತ್ತಾರೆ, ಕುರ್ಚಿಯಲ್ಲಿ ಕುಳಿತು ನಮಾಜು ಮಾಡುತ್ತಾರೆ. ನನ್ನನ್ನು ಒಂದು ದಿನವೂ ದೂರಲಿಲ್ಲ. "ವಿಧಿ ಮೋನೆ, ನೀನೆಂತ ಮಾಡುವುದು" ಎಂದರು.

ವಿಧಿ ಎಂದರೆ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಮರುದಿನ ಅವರ ಮನೆಗೆ ವಯರ್‌ಮ್ಯಾನ್ ಬಂದಾಗ ನಾನೂ ಜೊತೆಗೆ ಹೋಗಿದ್ದೆ. ಸ್ವಿಚ್ ಆಫ್ ಇತ್ತು. ನಾನು ಹೇಳಿದ್ದನ್ನು ಅವರು ಅಕ್ಷರಶಃ ಪಾಲಿಸಿದ್ದರು. ಆದರೆ ಆ ಸ್ವಿಚ್ ನ್ಯೂಟ್ರಲ್ ವಯರಿನಲ್ಲಿತ್ತು.

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಹತ್ತರಲ್ಲಿ ಒಂಬತ್ತು ಮಂದಿಯ ಧೈರ್ಯ ನಿಂತಿರುವುದು ಇದೇ ತಪ್ಪು ತಿಳುವಳಿಕೆಯ ಮೇಲೆ. ಬಲ್ಬಿಗೆ ಎರಡು ವಯರ್ ಹೋಗುತ್ತದೆ. ಫೇಸಿನಲ್ಲಿ ಕರೆಂಟು ಬರುತ್ತದೆ, ನ್ಯೂಟ್ರಲ್‌ನಲ್ಲಿ ವಾಪಸು ಹೋಗುತ್ತದೆ. ಎರಡರಲ್ಲಿ ಯಾವುದನ್ನು ತುಂಡು ಮಾಡಿದರೂ ಬಲ್ಬು ಆರುತ್ತದೆ. ಸ್ವಿಚ್ ಫೇಸಿನಲ್ಲಿದ್ದರೆ, ಆಫ್ ಮಾಡಿದಾಗ ಹೋಲ್ಡರಿಗೆ ಕರೆಂಟು ಬರುವುದೇ ಇಲ್ಲ. ಸ್ವಿಚ್ ನ್ಯೂಟ್ರಲ್‌ನಲ್ಲಿದ್ದರೆ ಬಲ್ಬು ಆರಿದರೂ 230 ವೋಲ್ಟ್ ಹೋಲ್ಡರಿನೊಳಗೆ ಬಂದು ಕಾದು ನಿಂತಿರುತ್ತದೆ. ಟ್ಯಾಂಕಿನ ಬದಿಯ ವಾಲ್ವ್ ಮುಚ್ಚುವುದು ಬೇರೆ, ಬಚ್ಚಲಿನ ತೂತಿಗೆ ಬಟ್ಟೆ ತುರುಕುವುದು ಬೇರೆ. ಎರಡರಲ್ಲೂ ನೀರು ಹರಿಯುವುದು ನಿಂತಿತು ಎನ್ನಬಹುದು. ಆದರೆ ಎರಡನೆಯದರಲ್ಲಿ ನೀರು ತುಂಬಿಕೊಂಡೇ ಇದೆ. ನಿಮ್ಮ ಕೈ ಆ ತುಂಬಿದ ಕಡೆಗೆ ಹೋದರೆ, ವಾಪಸು ಹೋಗುವ ದಾರಿ ನಿಮ್ಮ ಮೈಯೇ ಆಗುತ್ತದೆ.

ನ್ಯೂಟ್ರಲ್‌ನಲ್ಲಿ ಒಂಟಿ ಸ್ವಿಚ್ ಹಾಕಬಾರದೆಂಬ ನಿಯಮ ಇವತ್ತು ನಿನ್ನೆಯದಲ್ಲ. ಆದರೂ ಹಾಕುತ್ತಾರೆ. ಹಳೆಯ ಹಂಚಿನ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಎಳೆದ ವಯರಿಂಗ್ ಉಂಟಲ್ಲ, ಅದಕ್ಕೆ ಕೋಣೆ ಕೂಡಿಸುವಾಗಲೆಲ್ಲ ಒಬ್ಬೊಬ್ಬರು ಕೈ ಹಾಕಿದ್ದಾರೆ. ಯಾವ ಬಣ್ಣದ ವಯರ್ ಕೈಗೆ ಸಿಕ್ಕಿತೋ ಅದನ್ನು ಎಳೆದಿದ್ದಾರೆ. ಕೆಲವೊಮ್ಮೆ ಮೀಟರಿನ ಕಡೆಯಿಂದಲೇ ಫೇಸ್ ಮತ್ತು ನ್ಯೂಟ್ರಲ್ ಅದಲು ಬದಲಾಗಿ, ಸರಿಯಾಗಿದ್ದ ಇಡೀ ಮನೆಯ ಸ್ವಿಚ್‌ಗಳು ಒಂದೇ ದಿನದಲ್ಲಿ ತಪ್ಪು ಕಡೆಗೆ ಬರುತ್ತವೆ. ಮನೆಯವರಿಗೆ ಗೊತ್ತಾಗುವುದಿಲ್ಲ. ಬಲ್ಬು ಉರಿಯುತ್ತದೆ, ಫ್ಯಾನ್ ತಿರುಗುತ್ತದೆ, ಎಲ್ಲವೂ ಸರಿಯಿದೆ ಎಂದೇ ಕಾಣುತ್ತದೆ. ರಾತ್ರಿ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬು ಮಂಕಾಗಿ ಮಿಣುಕುತ್ತಿದ್ದರೆ "ಕಂಪೆನಿ ಸರಿಯಿಲ್ಲ" ಎಂದು ನಮ್ಮ ಅಂಗಡಿಗೆ ವಾಪಸು ತರುತ್ತಾರೆ. ಸ್ವಿಚ್ಚಿನಲ್ಲಿರುವ ಇಂಡಿಕೇಟರ್ ದೀಪದಿಂದಲೂ ಹಾಗಾಗಬಹುದು. ಆದರೆ ಸ್ವಿಚ್ ನ್ಯೂಟ್ರಲ್‌ನಲ್ಲಿದ್ದರೂ ಹಾಗೇ ಆಗುತ್ತದೆ. ಬಲ್ಬು ಬದಲಿಸುವ ಮೊದಲು ವಯರಿಂಗ್ ನೋಡಿಸಬೇಕಾದ ಸೂಚನೆ ಅದು.

"ಲೈಟಿನ ಕರೆಂಟು, ಸಣ್ಣದು" ಎನ್ನುವವರಿಗೆ ಸ್ವಲ್ಪ ಲೆಕ್ಕ ಹೇಳುತ್ತೇನೆ. 9 ವಾಟಿನ ಎಲ್‌ಇಡಿ ಬಲ್ಬು ಎಳೆಯುವ ಕರೆಂಟು ಸುಮಾರು 40 ಮಿಲಿ ಆಂಪಿಯರ್. ಮನುಷ್ಯನ ಕೈ ವಯರನ್ನು ಬಿಡಲಾಗದಂತೆ ಬಿಗಿದುಕೊಳ್ಳಲು 10 ಮಿಲಿ ಆಂಪಿಯರಿನ ಆಸುಪಾಸು ಸಾಕು. 30 ಮಿಲಿ ಆಂಪಿಯರ್ ದಾಟಿ ಎದೆಯ ಮೂಲಕ ಹರಿದರೆ ಹೃದಯದ ಬಡಿತ ಕೆಡುವ ಅಪಾಯ ಶುರುವಾಗುತ್ತದೆ. ಮನೆಯ ಇಂಥ ಒಂದು ಸಣ್ಣ ಬಲ್ಬು ಕುಡಿಯುವಷ್ಟು ಕರೆಂಟು ಮನುಷ್ಯನನ್ನು ಕಬರಿಗೆ ಕಳಿಸಲು ಸಾಕು ಎಂದಾಯಿತು. ಮೈ ಒಣಗಿದ್ದರೆ ಚರ್ಮ ಸ್ವಲ್ಪ ತಡೆಯುತ್ತದೆ. ವುಳೂ ಮಾಡಿದ ಒದ್ದೆ ಕೈ, ಒದ್ದೆ ಕಾಲು, ನೀರು ಒರೆಸದ ಬಚ್ಚಲಿನ ನೆಲ, ಮೂರು ತಿಂಗಳ ಮಳೆಗೆ ತೇವ ಹಿಡಿದ ಗೋಡೆ ಎಲ್ಲ ಸೇರಿದರೆ ಆ ತಡೆಯೂ ಇಲ್ಲ.

"ಎಂಸಿಬಿ ಉಂಟಲ್ಲ, ಬೀಳುತ್ತದೆ" ಎನ್ನುವುದು ಇನ್ನೊಂದು ಭ್ರಮೆ. ಲೈಟಿನ ಸಾಲಿಗೆ ಹಾಕುವ ಎಂಸಿಬಿ ಸಾಧಾರಣವಾಗಿ 6 ಆಂಪಿಯರಿನದು, ಎಂದರೆ 6000 ಮಿಲಿ ಆಂಪಿಯರ್. ಅದು ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ನೀವು ವಯರ್ ಹಿಡಿದು ಒದ್ದಾಡುತ್ತಿದ್ದರೆ ಎಂಸಿಬಿಗೆ ಅದು ಇನ್ನೊಂದು ಸಣ್ಣ ಬಲ್ಬು ಉರಿದಂತೆ.

"ಹಾಗಾದರೆ ಮೈನ್ ಆಫ್ ಮಾಡಿದರೆ ಆಯ್ತಲ್ಲ?" ಎಂದು ಕೇಳುವ ಬುದ್ಧಿವಂತರಿಗಾಗಿ ನಮ್ಮ ಊರಿನಲ್ಲಿ ಇನ್ನೊಂದು ಗುಂಡಿ ತೋಡಿಟ್ಟಿದ್ದೇವೆ. ಅದರ ಹೆಸರು ಇನ್ವರ್ಟರ್. ಮಳೆಗಾಲದಲ್ಲಿ ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೆ ಕರೆಂಟು ಬರುವುದು ಯಾವಾಗಲೋ, ಹಾಗಾಗಿ ಒಂದು ಮಟ್ಟದ ಮನೆಯಲ್ಲೆಲ್ಲ ಇನ್ವರ್ಟರ್ ಇದೆ. ಅದರ ಕೆಲಸವೇನು? ಮೈನಿನಿಂದ ಕರೆಂಟು ನಿಂತ ಕೂಡಲೇ ಬ್ಯಾಟರಿಯಿಂದ ಲೈಟು, ಫ್ಯಾನುಗಳಿಗೆ 230 ವೋಲ್ಟ್ ಕೊಡುವುದು. ಕರೆಂಟು ಹೋಗಿದ್ದು ಲೈನಿನಲ್ಲೋ, ನೀವು ಮೈನ್ ಇಳಿಸಿದ್ದರಿಂದಲೋ, ಅದಕ್ಕೆ ಗೊತ್ತಿಲ್ಲ. ಮೈನ್ ಇಳಿಸಿ, ಬಿಸ್ಮಿ ಹೇಳಿ ಏಣಿ ಹತ್ತುತ್ತೀರಿ. ಅಷ್ಟರಲ್ಲಿ ಇನ್ವರ್ಟರ್ ನಿಯತ್ತಿನಿಂದ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ. ಇನ್ವರ್ಟರಿನ ಸ್ವಿಚ್ ಮಾತ್ರ ಆಫ್ ಮಾಡಿದರೂ ಸಾಲದು. ಲೈನಿನಲ್ಲಿ ಕರೆಂಟು ಇದ್ದಾಗ ಹೆಚ್ಚಿನ ಇನ್ವರ್ಟರ್‌ಗಳು ಅದನ್ನು ಹಾಗೆಯೇ ಒಳಗೆ ದಾಟಿಸಿ ಬಿಡುತ್ತವೆ. ಎರಡೂ ಆಫ್ ಆಗಬೇಕು. ಮೊದಲು ಇನ್ವರ್ಟರ್, ಆಮೇಲೆ ಮೈನ್. ಈ ಒಂದು ಸಾಲನ್ನು ಇನ್ವರ್ಟರ್ ಕೂರಿಸಲು ಬಂದವರು ನಿಮ್ಮ ಮನೆಯಲ್ಲಿ ಯಾರಿಗಾದರೂ ಹೇಳಿದ್ದಾರಾ? ನಮ್ಮ ಮನೆಯಲ್ಲಿ ಹೇಳಿರಲಿಲ್ಲ.

ಇನ್ನು ನಮ್ಮ ಟೆಸ್ಟರ್. ಶರ್ಟಿನ ಕಿಸೆಯಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡವನೇ ನಮ್ಮಲ್ಲಿ ಇಂಜಿನಿಯರ್. ಆ ಟೆಸ್ಟರಿನ ಪುಟ್ಟ ದೀಪ ಉರಿಯುವುದು ನಿಮ್ಮ ಮೈಯ ಮೂಲಕ ಭೂಮಿಗೆ ಹೋಗುವ ಅತಿ ಸಣ್ಣ ಕರೆಂಟಿನಿಂದ. ರಬ್ಬರ್ ಚಪ್ಪಲಿ ಹಾಕಿ ಮರದ ಏಣಿಯಲ್ಲಿ ನಿಂತರೆ ಅದು ಸರಿಯಾಗಿ ಕಾಣುವಷ್ಟು ಉರಿಯದಿರಬಹುದು. ಹಗಲು ಬೆಳಕಿನಲ್ಲಿ ಉರಿದರೂ ನಿಮಗೆ ಕಾಣದಿರಬಹುದು. ಅದರ ಒಳಗಿನ ದೀಪವೇ ಕೆಟ್ಟಿದ್ದರೆ ಎಲ್ಲ ವಯರೂ ಸತ್ತಂತೆಯೇ ತೋರುತ್ತದೆ. ಟೆಸ್ಟರ್ ಉರಿದರೆ ಕರೆಂಟು ಇದೆ ಎಂದೇ ತಿಳಿಯಿರಿ. ಉರಿಯಲಿಲ್ಲ ಎಂದರೆ ಕರೆಂಟು ಇಲ್ಲ ಎಂದು ಅರ್ಥವಲ್ಲ. "ಕಪ್ಪು ವಯರ್ ನ್ಯೂಟ್ರಲ್, ಅದನ್ನು ಮುಟ್ಟಬಹುದು" ಎನ್ನುವವರೂ ಇದ್ದಾರೆ. ಬೇರೆ ಕೋಣೆಯ ಬಲ್ಬಿನ ನ್ಯೂಟ್ರಲ್ ಇದೇ ಜಾಯಿಂಟಿನ ಮೂಲಕ ಹೋಗುತ್ತಿದ್ದರೆ, ಜಾಯಿಂಟ್ ಬಿಡಿಸಿದ ಕ್ಷಣ ಆ ಬಲ್ಬಿನ ಮೂಲಕ ಬಂದ 230 ವೋಲ್ಟ್ ನಿಮ್ಮ ಕೈಯಲ್ಲಿರುವ ಕಪ್ಪು ವಯರಿನಲ್ಲಿ ಕೂತಿರುತ್ತದೆ.

ಗಲ್ಫಿನ ಸಾಮಾನಿನ ಕಥೆ ಇನ್ನೊಂದು. ಊರಿಗೆ ಬರುವಾಗ ದುಬೈಯಿಂದ ಪೆಟ್ಟಿಗೆಯಲ್ಲಿ ಹಾಕಿಕೊಂಡು ಬರುವ ತೂಗುದೀಪಕ್ಕೆ ಹಾಲಿನ ನಡುವೆ ಜಾಗ ಮಾಡುತ್ತೇವೆ. ಅದರಲ್ಲಿ ಕಂದು, ನೀಲಿ, ಹಸಿರು-ಹಳದಿ ವಯರ್ ಇರುತ್ತದೆ. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಅರ್ತ್. ನಮ್ಮ ಮನೆಗಳ ವಯರಿಂಗಿನಲ್ಲಿ ರೂಢಿ ಬೇರೆ. ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಅಲ್ಲಿಯ ನೀಲಿ ನ್ಯೂಟ್ರಲ್, ಇಲ್ಲಿಯ ನೀಲಿ ಫೇಸ್. ಬಣ್ಣಕ್ಕೆ ಬಣ್ಣ ನೋಡಿ ನೀಲಿಗೆ ನೀಲಿ ಜೋಡಿಸಿದವನು ಬಲ್ಬು ಉರಿದದ್ದನ್ನು ನೋಡಿ ಸಂತೋಷಪಡುತ್ತಾನೆ. ಆ ದೀಪದ ಹೋಲ್ಡರ್ ನಮ್ಮ ಪಿನ್ ಹೋಲ್ಡರಿನ ಹಾಗಲ್ಲ, ತಿರುಪುವಂಥದ್ದು. ಅದರ ಹೊರಗಿನ ತಿರುಪಿನ ಬಳೆ ನ್ಯೂಟ್ರಲ್ ಆಗಿರಬೇಕು, ಫೇಸ್ ನಡುವಿನ ತುದಿಗೆ ಬರಬೇಕು. ಅದಲು ಬದಲಾದರೆ ಬಳೆಯಲ್ಲೇ ಫೇಸ್. ಮುಂದೆ ಬಲ್ಬು ತಿರುಗಿಸುವ ಹುಡುಗನ ಬೆರಳು ಮೊದಲು ತಾಗುವುದು ಅದಕ್ಕೇ.

ಮತ್ತೆ ಆ ಹಸಿರು-ಹಳದಿ ವಯರ್? ಸೀಲಿಂಗಿನಲ್ಲಿ ಅರ್ತ್ ವಯರೇ ಇಳಿಸಿರುವುದಿಲ್ಲ. ಆದ್ದರಿಂದ ಅದನ್ನು ಬುಡದಲ್ಲೇ ಕತ್ತರಿಸಿ "ಇದು ಬೇಡದ್ದು" ಎಂದು ಎಸೆಯುತ್ತಾರೆ. ಇಡೀ ದೀಪ ಲೋಹದ್ದು. ಒಳಗೆ ಎಲ್ಲಾದರೂ ಒಂದು ವಯರಿನ ಸಿಪ್ಪೆ ಸವೆದು ಮೈಗೆ ತಾಗಿದರೆ ಇಡೀ ತೂಗುದೀಪಕ್ಕೆ ಕರೆಂಟು. ಬೇಡದ್ದೆಂದು ಎಸೆದದ್ದು ಅದರಿಂದ ನಿಮ್ಮನ್ನು ಉಳಿಸುವ ವಯರನ್ನು.

ನಾನಿಲ್ಲಿ ಬೈಯಬೇಕೆಂದಿರುವುದು ಬಡವರನ್ನಲ್ಲ. ಸಿಟೌಟಿಗೆ ಗ್ರಾನೈಟ್, ಹಾಲಿಗೆ ಫಾಲ್ಸ್ ಸೀಲಿಂಗ್, ಗೇಟಿನ ಎರಡು ಕಂಬಕ್ಕೆ ಎರಡು ಗೋಳ ದೀಪ ಹಾಕಿಸಿ, ಇಎಲ್‌ಸಿಬಿಯ ಮಾತು ಬಂದಾಗ "ಅದು ಬೇಕಾ?" ಎಂದು ಕೇಳುವವರನ್ನು. ಇಎಲ್‌ಸಿಬಿ ಎಂದು ನಾವು ಕರೆಯುವ ಆ ಪೆಟ್ಟಿಗೆ ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಾಲನ್ನೇ ಕಡಿದು ಹಾಕುತ್ತದೆ. ಮನುಷ್ಯನನ್ನು ಕಾಯಲೆಂದೇ ಮಾಡಿದ ಉಪಕರಣ ಅದು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳಲ್ಲೂ, ಅವುಗಳ ಬದಲಿಗೆ 2023ರಲ್ಲಿ ಬಂದ ನಿಯಮಗಳಲ್ಲೂ ಈ ರಕ್ಷಣೆಯ ಮಾತಿದೆ. ಬೆಲೆ ನಿಮ್ಮ ಹಾಲಿನ ತೂಗುದೀಪಕ್ಕಿಂತ ಕಡಿಮೆ.

ಹಾಕಿಸಿದವರ ಕಥೆ ಇನ್ನೂ ಬೇಸರದ್ದು. ಜೂನ್ ತಿಂಗಳಲ್ಲಿ ಗೋಡೆ ತೇವವಾಗಿ ಎಲ್ಲೋ ಕರೆಂಟು ಸೋರುತ್ತದೆ, ಇಎಲ್‌ಸಿಬಿ ಪದೇ ಪದೇ ಬೀಳುತ್ತದೆ. ಮನೆಯವರಿಗೆ ಕಿರಿಕಿರಿ. ವಯರ್‌ಮ್ಯಾನ್ ಬರುತ್ತಾನೆ, ಸೋರಿಕೆ ಹುಡುಕಲು ಅರ್ಧ ದಿನ ಬೇಕು, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇಎಲ್‌ಸಿಬಿ ತಪ್ಪಿಸಿ ಡೈರೆಕ್ಟ್ ಕೊಟ್ಟು ಹೋಗುತ್ತಾನೆ. ಮನೆಯವರು "ಈಗ ಸರಿಯಾಯ್ತು" ಎನ್ನುತ್ತಾರೆ. ಕಳ್ಳ ಬಂದನೆಂದು ನಾಯಿ ಬೊಗಳಿದರೆ ನಾಯಿಯ ಬಾಯಿ ಕಟ್ಟಿ ಮಲಗಿದ ಹಾಗೆ. ಡೈರೆಕ್ಟ್ ಕೊಟ್ಟವನ ತಪ್ಪು ಎಷ್ಟೋ, ಕೊಡಿಸಿಕೊಂಡ ಮನೆಯವರದ್ದೂ ಅಷ್ಟೇ.

ಹಾಗೆಂದು ಇಎಲ್‌ಸಿಬಿ ಇದ್ದರೆ ವಯರ್ ಹಿಡಿಯಬಹುದು ಎಂದಲ್ಲ. ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದು ಮರದ ಏಣಿಯ ಮೇಲೆ ನಿಂತರೆ ಅದಕ್ಕೆ ನೀವೂ ಒಂದು ಬಲ್ಬೇ. ಇಎಲ್‌ಸಿಬಿ ಇನ್ವರ್ಟರಿಗಿಂತ ಮುಂಚೆ ಇದ್ದರೆ, ಬ್ಯಾಟರಿಯಿಂದ ಬರುವ ಕರೆಂಟನ್ನು ಅದು ಕಾಯುತ್ತದೆಂದು ನಂಬಬೇಡಿ.

ಈಗ ವಿಧಿಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ಕರೆಂಟು ತಾಗಿ ಯಾರಾದರೂ ತೀರಿಕೊಂಡರೆ ಮಯ್ಯತ್ತಿನ ಮನೆಯಲ್ಲಿ ಕೇಳುವ ಮೊದಲ ಮಾತು "ಅಜಲ್ ಮುಗಿದಿತ್ತು". ಮನೆಯವರ ದುಃಖ ಕಡಿಮೆ ಮಾಡಲು ಆಡುವ ಮಾತು, ಅದನ್ನು ನಾನು ತಪ್ಪೆನ್ನಲಾರೆ. ತಪ್ಪು ಆಗುವುದು ಮೂರನೇ ದಿನದ ನಂತರ. ಅದೇ ಮನೆಯಲ್ಲಿ ಅದೇ ವಯರ್, ಅದೇ ಸ್ವಿಚ್, ಅದೇ ಡೈರೆಕ್ಟ್ ಹಾಗೇ ಮುಂದುವರಿಯುತ್ತದೆ. ಅಜಲ್ ಎಂದ ಮೇಲೆ ಯಾರೂ ವಯರಿಂಗ್ ನೋಡಿಸುವುದಿಲ್ಲ. ಮದ್ರಸದಲ್ಲಿ ನಮಗೆಲ್ಲ ಕಲಿಸಿದ್ದು ಬೇರೆ. ಒಂಟೆಯನ್ನು ಕಟ್ಟಿ ಹಾಕಬೇಕು, ಆಮೇಲೆ ಅಲ್ಲಾಹನ ಮೇಲೆ ತವಕ್ಕುಲ್ ಇಡಬೇಕು. ನಾವು ಒಂಟೆ ಬಿಟ್ಟು ಬಿಟ್ಟು ತವಕ್ಕುಲ್ ಇಡುತ್ತಿದ್ದೇವೆ. ಅದಕ್ಕೆ ಈಮಾನಿನ ಹೆಸರು ಕೊಡುವುದು ಈಮಾನಿಗೆ ಮಾಡುವ ಅವಮಾನ.

"ನೀನು ಹೀಗೆ ಹೆದರಿಸಿದರೆ ಒಂದು ಬಲ್ಬಿಗೂ ವಯರ್‌ಮ್ಯಾನ್ ಕರೆಯಬೇಕಾ? ಅವನು ಬರುವುದು ನಾಲ್ಕು ದಿನ ಬಿಟ್ಟು, ಬಂದರೆ ಪೆಟ್ರೋಲಿಗೂ ಕೇಳುತ್ತಾನೆ" ಎಂದು ನನ್ನ ಉಪ್ಪನೇ ಕೇಳಿದರು. ಅದು ಸುಳ್ಳಲ್ಲ. ಒಳ್ಳೆಯ ವಯರ್‌ಮ್ಯಾನ್‌ಗಳು ಗಲ್ಫಿನಲ್ಲಿದ್ದಾರೆ, ಊರಲ್ಲಿ ಉಳಿದವರಿಗೆ ಬಿಡುವಿಲ್ಲ. ಹೊಸ ಪಾಯಿಂಟ್ ಎಳೆಯುವುದು, ಬೋರ್ಡ್ ಬದಲಿಸುವುದು, ಡಿಬಿಗೆ ಕೈ ಹಾಕುವುದು ಲೈಸೆನ್ಸ್ ಇರುವವರ ಕೆಲಸ, ಅದರಲ್ಲಿ ರಾಜಿ ಇಲ್ಲ. ಆದರೆ ಇದ್ದ ಜಾಗದಲ್ಲಿ ಇದ್ದಂಥ ಲೈಟು ಬದಲಿಸುವುದನ್ನು ಜನ ತಾವೇ ಮಾಡುತ್ತಾರೆ, ನಾನು ಬೇಡವೆಂದರೂ ಮಾಡುತ್ತಾರೆ. ಹಾಗಾಗಿ ಬೇಡ ಎನ್ನುವುದಕ್ಕಿಂತ ಕ್ರಮದಲ್ಲಿ ಮಾಡಿ ಎನ್ನುತ್ತೇನೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾದವನು, ಎಲೆಕ್ಟ್ರಿಕಲ್‌ನವನಲ್ಲ. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಕೆಲವು ವರ್ಷ ಮೆಯಿಂಟೆನೆನ್ಸಿನಲ್ಲಿದ್ದೆ. ಅಲ್ಲಿ ಮೊದಲ ವಾರ ಕಲಿಸಿದ ಪಾಠ ಪಾನ ಹಿಡಿಯುವುದಲ್ಲ. ಮೆಷಿನಿನೊಳಗೆ ಕೈ ಹಾಕುವ ಮೊದಲು ಅದರ ಮೈನ್ ಇಳಿಸಬೇಕು, ಇಳಿಸಿದ್ದಕ್ಕೆ ಬೀಗ ಹಾಕಬೇಕು, ಬೀಗಕ್ಕೆ ನಿನ್ನ ಹೆಸರಿನ ಚೀಟಿ ಕಟ್ಟಬೇಕು, ಕೀ ನಿನ್ನ ಕಿಸೆಯಲ್ಲೇ ಇರಬೇಕು. ಯಾಕೆಂದರೆ ಸಾಯಿಸುವುದು ಮೆಷಿನಲ್ಲ, ನೀನು ಒಳಗಿರುವುದು ಗೊತ್ತಿಲ್ಲದೆ ಸ್ವಿಚ್ ಹಾಕುವ ಇನ್ನೊಬ್ಬ. ಮನೆಯಲ್ಲೂ ಹಾಗೆಯೇ. ನೀವು ಏಣಿಯ ಮೇಲಿದ್ದೀರಿ, ಕೆಳಗೆ ಮಗು ಟಿವಿ ಬರಲಿಲ್ಲವೆಂದು ಮೈನ್ ಎತ್ತುತ್ತದೆ.

ಆದ್ದರಿಂದ ಕ್ರಮ ಇಷ್ಟು. ಹಗಲಿನಲ್ಲೇ ಮಾಡಿ, ಒಣಗಿದ ಕೈಕಾಲಿನಲ್ಲಿ, ಚಪ್ಪಲಿ ಹಾಕಿಕೊಂಡು. ಮೊದಲು, ಕರೆಂಟು ಇದೆಯೆಂದು ಗೊತ್ತಿರುವ ಪ್ಲಗ್ಗಿನಲ್ಲಿ ಟೆಸ್ಟರ್ ಹಾಕಿ ಅದು ಉರಿಯುತ್ತದೆಂದು ಖಾತ್ರಿ ಮಾಡಿಕೊಳ್ಳಿ. ಇನ್ವರ್ಟರ್ ಆಫ್ ಮಾಡಿ. ಮನೆಯ ಮೈನ್ ಆಫ್ ಮಾಡಿ, ಅದು ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿರಬೇಕು. ಒಂಟಿ ಎಂಸಿಬಿಯನ್ನಷ್ಟೇ ನಂಬಬೇಡಿ. ಡಿಬಿಯ ಮುಚ್ಚಳಕ್ಕೆ ಟೇಪು ಅಂಟಿಸಿ, "ಕೆಲಸ ನಡೆಯುತ್ತಿದೆ, ಮುಟ್ಟಬೇಡಿ" ಎಂದು ಬರೆಯಿರಿ, ಬೀಗ ಇದ್ದರೆ ಬೀಗ ಹಾಕಿ. ಒಬ್ಬರನ್ನು ಅಲ್ಲೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಆ ಲೈಟಿನ ಸ್ವಿಚ್ ಆನ್ ಮಾಡಿ ನೋಡಿ, ಬೇರೆ ಕೋಣೆಯದ್ದನ್ನೂ ನೋಡಿ. ಎಲ್ಲಾದರೂ ಒಂದು ದೀಪ ಉರಿದರೆ ಏಣಿ ಹತ್ತಬೇಡಿ. ಆಮೇಲೆ ಹೋಲ್ಡರಿನಲ್ಲಿ ಪ್ರತಿ ವಯರಿಗೂ ಟೆಸ್ಟರ್ ತಾಗಿಸಿ, ಸ್ವಿಚ್ ಆಫ್ ಇದ್ದಾಗ ಒಮ್ಮೆ, ಆನ್ ಇದ್ದಾಗ ಒಮ್ಮೆ. ಮಲ್ಟಿಮೀಟರ್ ಇದ್ದು ಬಳಸಲು ಗೊತ್ತಿದ್ದರೆ ಅದು ಉತ್ತಮ.

ಬಿಡಿಸುವ ಮೊದಲು ಮೊಬೈಲಿನಲ್ಲಿ ಒಂದು ಫೋಟೊ ತೆಗೆಯಿರಿ, ಯಾವ ವಯರ್ ಎಲ್ಲಿತ್ತೆಂದು ಅಲ್ಲಾಹನಾಣೆ ಮರೆತುಹೋಗುತ್ತದೆ. ವಯರನ್ನು ತಿರುಚಿ ಟೇಪು ಸುತ್ತಬೇಡಿ, ಕನೆಕ್ಟರ್ ಹಾಕಿ ಸ್ಕ್ರೂ ಬಿಗಿ ಮಾಡಿ. ಹೊಸ ಲೈಟು ಲೋಹದ್ದಾಗಿದ್ದು ಮೇಲೆ ಅರ್ತ್ ವಯರ್ ಇಲ್ಲದಿದ್ದರೆ ಅದನ್ನು ಹಾಕಬೇಡಿ, ಪ್ಲಾಸ್ಟಿಕ್ ಮೈಯದನ್ನು ಹಾಕಿ. ವಯರಿನ ಸಿಪ್ಪೆ ಮುಟ್ಟಿದರೆ ಪುಡಿಯಾಗುತ್ತಿದ್ದರೆ, ಸುಟ್ಟ ಕಲೆ ಕಂಡರೆ, ನೀರು ಜಿನುಗಿದ ಗುರುತಿದ್ದರೆ, ಎರಡು ವಯರಿನ ಜಾಗದಲ್ಲಿ ಐದು ಕಂಡರೆ ಅಲ್ಲಿಗೇ ನಿಲ್ಲಿಸಿ. ಬಲ್ಬಿಲ್ಲದೆ ನಾಲ್ಕು ದಿನ ಕಳೆಯಬಹುದು. ಏಣಿ ಅಲ್ಯುಮಿನಿಯಮಿನದ್ದು ಬೇಡ, ಮರದ್ದೋ ಫೈಬರಿನದ್ದೋ ಇರಲಿ. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಸ್ಟೂಲು ಇಡುವ ಸರ್ಕಸ್ ಬೇಡವೇ ಬೇಡ. ನಮ್ಮ ಇಚ್ಚನ ಸೊಂಟ ಮುರಿದದ್ದು ಕರೆಂಟಿನಿಂದಲ್ಲ, ಬಿದ್ದದ್ದರಿಂದ.

ಯಾರನ್ನಾದರೂ ಕರೆಂಟು ಹಿಡಿದರೆ ಓಡಿ ಹೋಗಿ ಅವರನ್ನು ಅಪ್ಪಿಕೊಳ್ಳಬೇಡಿ, ಮನೆಯಿಂದ ಎರಡು ಮಯ್ಯತ್ತು ಹೊರಡುವುದು ಹಾಗೆಯೇ. ಮೊದಲು ಇನ್ವರ್ಟರ್, ಮೈನ್ ಎರಡನ್ನೂ ಇಳಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ವಯರನ್ನು ದೂರ ತಳ್ಳಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಬಲವಾಗಿ ಒತ್ತುತ್ತಾ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು "ಎಂತ ಆಗಲಿಲ್ಲ" ಎಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೃದಯದ ಬಡಿತ ಆಮೇಲೆ ಕೆಡುವುದೂ ಉಂಟು.

ಕೊನೆಯದಾಗಿ, ಇದನ್ನೆಲ್ಲ ನಾವು ಯಾರಿಗೆ ಹೇಳಬೇಕು? ಗಂಡಸರಿಗೆ ಹೇಳಿ ಮುಗಿಸುತ್ತೇವೆ. ಆದರೆ ನಮ್ಮ ಅರ್ಧ ಮನೆಗಳ ಗಂಡಸರು ದುಬೈ, ದೋಹಾ, ರಿಯಾದಿನಲ್ಲಿದ್ದಾರೆ. ಇಲ್ಲಿ ಬಲ್ಬು ಬದಲಿಸುವುದು ಉಮ್ಮ, ಹೆಂಡತಿ, ಇಲ್ಲವೇ ಹತ್ತನೇ ಕ್ಲಾಸಿನ ಹುಡುಗ. ಗಂಡ ವೀಡಿಯೊ ಕಾಲಿನಲ್ಲಿ "ಸ್ವಿಚ್ ಆಫ್ ಮಾಡು, ಕುರ್ಚಿ ಇಡು, ಈಗ ಬಿಡಿಸು" ಎನ್ನುತ್ತಿರುತ್ತಾನೆ. ಮೈನ್ ಎಲ್ಲಿದೆ, ಇನ್ವರ್ಟರಿನ ಸ್ವಿಚ್ ಯಾವುದು ಎಂದು ಅವರಿಗೆ ಯಾರೂ ತೋರಿಸಿಲ್ಲ. ಮನೆ ಕಟ್ಟಿಸುವಾಗ ವಯರ್‌ಮ್ಯಾನ್ ಡಿಬಿಯ ವಿವರ ಹೇಳಿದ್ದು ಗಂಡಸರಿಗೆ, ಆ ಗಂಡಸರು ಎರಡು ತಿಂಗಳ ರಜೆ ಮುಗಿಸಿ ಹೋಗಿಯಾಯಿತು.

ಡಿಬಿಯ ಮೇಲೆ ಏನಾದರೂ ಬರೆದಿದ್ದರೆ ಅದು ಇಂಗ್ಲಿಷಿನಲ್ಲಿ. ಎಚ್ಚರಿಕೆಯ ಚೀಟಿ ಬಂದರೆ ಮಲಯಾಳದಲ್ಲಿ. ನನ್ನ ಉಮ್ಮ ಬ್ಯಾರಿ ಮಾತಾಡುತ್ತಾರೆ, ಓದುವುದು ಕನ್ನಡ, ಅಷ್ಟೇ. ಅವರಂತಹ ಎಷ್ಟೋ ಉಮ್ಮಂದಿರು ನಮ್ಮ ಗಡಿಯ ಊರುಗಳಲ್ಲಿದ್ದಾರೆ. 1969ರ ಕೇರಳ ಆಡಳಿತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಎಂದಿದೆ. ಆ ಹಕ್ಕನ್ನು ಭಾಷಣದಲ್ಲಿ ನೆನಪಿಸಿಕೊಳ್ಳುತ್ತೇವೆ. ಅಪಾಯದ ಚೀಟಿ ಕನ್ನಡದಲ್ಲಿ ಬೇಕೆಂದು ಒಂದು ಅರ್ಜಿ ಬರೆದವರು ನಮ್ಮಲ್ಲಿ ಎಷ್ಟು ಮಂದಿ? ನಾನೂ ಬರೆದಿರಲಿಲ್ಲ, ಈಗ ಬರೆದಿದ್ದೇನೆ. ಉತ್ತರ ಬರುವವರೆಗೆ ಕಾಯಬೇಕಿಲ್ಲ. ಒಂದು ಮಾರ್ಕರ್ ಪೆನ್ನು ತೆಗೆದುಕೊಂಡು ನಿಮ್ಮ ಡಿಬಿಯ ಪ್ರತಿ ಎಂಸಿಬಿಯ ಕೆಳಗೆ "ಅಡಿಗೆ ಕೋಣೆ", "ಬಚ್ಚಲು", "ಹಾಲಿನ ಲೈಟ್" ಎಂದು ಮನೆಯವರು ಓದುವ ಅಕ್ಷರದಲ್ಲಿ ಬರೆಯಿರಿ. ಇನ್ವರ್ಟರಿನ ಮೇಲೆ "ಮೊದಲು ಇದು, ಆಮೇಲೆ ಮೈನ್" ಎಂದು ಬರೆಯಿರಿ. ಮನೆಯ ಹೆಂಗಸರ ಕೈಯಿಂದಲೇ ಒಮ್ಮೆ ಎರಡನ್ನೂ ಇಳಿಸಿ, ಎತ್ತಿಸಿ.

ನಮ್ಮ ಅಂಗಡಿಯಲ್ಲಿ ಈಗ ಹೋಲ್ಡರ್ ಕೇಳಿದವರಿಗೆ ನಾನು ಮೊದಲು ಕೇಳುವುದು "ಮನೆಯಲ್ಲಿ ಇನ್ವರ್ಟರ್ ಉಂಟಾ?" ಎಂದು. ಕೆಲವರು ನಗುತ್ತಾರೆ. ಉಪ್ಪ ಗೊಣಗುತ್ತಾರೆ, "ಹತ್ತು ರೂಪಾಯಿ ಲಾಭಕ್ಕೆ ಹತ್ತು ನಿಮಿಷದ ಪ್ರಸಂಗ". ಪರವಾಗಿಲ್ಲ. ಊರುಗೋಲಿನ ಸದ್ದು ಮಸೀದಿಯ ಮೆಟ್ಟಿಲಲ್ಲಿ ದಿನಕ್ಕೆ ಐದು ಸಲ ಕೇಳುತ್ತೇನೆ, ಅದಕ್ಕೆ ಹೋಲಿಸಿದರೆ ಹತ್ತು ನಿಮಿಷ ದೊಡ್ಡದಲ್ಲ.

ಇದನ್ನು ಓದಿ ಮುಗಿಸಿದವರು ಒಂದು ಕೆಲಸ ಮಾಡಿ. ಈಗಲೇ ಎದ್ದು ಡಿಬಿಯ ಮುಚ್ಚಳ ತೆರೆದು ಇಎಲ್‌ಸಿಬಿಯಲ್ಲಿ ಟಿ ಎಂದು ಬರೆದ ಗುಂಡಿ ಒತ್ತಿ. ಟಪ್ ಎಂದು ಬಿದ್ದರೆ ಮತ್ತೆ ಎತ್ತಿ ಇಡಿ, ತಿಂಗಳಿಗೊಮ್ಮೆ ಹೀಗೆ ನೋಡಿ. ಬೀಳದಿದ್ದರೆ ಅದು ಕೆಟ್ಟಿದೆ, ಇಲ್ಲವೇ ಯಾರೋ ಡೈರೆಕ್ಟ್ ಕೊಟ್ಟು ಹೋಗಿದ್ದಾರೆ. ಇಎಲ್‌ಸಿಬಿಯೇ ಇಲ್ಲದಿದ್ದರೆ, ತಲೆಯೆತ್ತಿ ಹಾಲಿನ ತೂಗುದೀಪವನ್ನು ಒಮ್ಮೆ ನೋಡಿ, ಅದಕ್ಕೆ ಎಷ್ಟು ಕೊಟ್ಟಿರೆಂದು ನೆನಪು ಮಾಡಿಕೊಳ್ಳಿ. ಆಮೇಲೆ ವಯರ್‌ಮ್ಯಾನ್‌ಗೆ ಫೋನ್ ಮಾಡಿ.